ಲ್ಯಾಪ್‌ಟಾಪಿನ ಸದ್ದು ಕೆಟ್ಟಿದೆಯೇ? ರಿಪೇರಿಗೆ ಮುನ್ನ ಕಿವಿಗೊಟ್ಟು ಕೇಳಿ

‘ಸೌಂಡ್ ಸರಿಯಿಲ್ಲ’ ಎಂದು ಲ್ಯಾಪ್‌ಟಾಪ್ ಹಿಡಿದುಕೊಂಡು ರಿಪೇರಿ ಅಂಗಡಿಗೆ ಹೋದರೆ ಬಹಳ ಕಡೆ ಸಿಗುವ ಉತ್ತರ ಎರಡೇ: ಸ್ಪೀಕರ್ ಬದಲಿಸಬೇಕು, ಇಲ್ಲವೇ ವಿಂಡೋಸ್ ಹೊಸದಾಗಿ ಹಾಕಬೇಕು. ಮೊದಲನೆಯದಕ್ಕೆ ದುಡ್ಡು ಹೋಗುತ್ತದೆ. ಎರಡನೆಯದಕ್ಕೆ ದುಡ್ಡಿನ ಜೊತೆಗೆ ಫೋಟೊ, ಕಡತಗಳ ಚಿಂತೆಯೂ ಅಂಟಿಕೊಳ್ಳುತ್ತದೆ. ತಪ್ಪು ಇರುವುದು ಒಂದು ಸೆಟ್ಟಿಂಗಿನಲ್ಲೋ ಅರ್ಧ ಕೂತ ಪಿನ್ನಿನಲ್ಲೋ ಆದರೆ ಇವೆರಡೂ ದಂಡ.

ಸದ್ದು ಕೆಡುವುದರಲ್ಲಿ ಬಗೆಗಳಿವೆ. ಕರಕರ ಎನ್ನುವುದು ಬೇರೆ, ಗುಂಯ್‌ಗುಡುವುದು ಬೇರೆ, ಮಂಕಾಗುವುದು ಬೇರೆ, ಹಳೆಯ ಫೋನಿನ ದನಿಯಂತೆ ಸಪೂರವಾಗುವುದು ಬೇರೆ. ಒಂದೊಂದು ಬಗೆಯೂ ಯಂತ್ರದ ಒಂದೊಂದು ಜಾಗದಿಂದ ಬರುತ್ತದೆ. ಯಾವ ಬಗೆ ಎಂದು ಗುರುತಿಸಿದರೆ ಹುಡುಕುವ ಕೆಲಸ ಅರ್ಧ ಮುಗಿದಂತೆ. ಆ ಗುರುತಿಸುವಿಕೆಗೆ ಬೇಕಾದದ್ದು ಒಂದು ಜೊತೆ ಇಯರ್‌ಫೋನ್, ಪರಿಚಿತವಾದ ಒಂದು ಹಾಡು, ಸ್ವಲ್ಪ ತಾಳ್ಮೆ.

ಸದ್ದು ಸಾಗುವ ದಾರಿ

ಹಾಡು ಲ್ಯಾಪ್‌ಟಾಪಿನಲ್ಲಿ ಅಂಕಿಗಳ ರೂಪದಲ್ಲಿ ಇರುತ್ತದೆ. ಸಿ.ಡಿ.ಯಲ್ಲಾದರೆ ಎಡ, ಬಲ ಎಂಬ ಒಂದೊಂದು ಚಾನೆಲ್‌ಗೂ ಸೆಕೆಂಡಿಗೆ 44,100 ಅಂಕಿಗಳು. ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಬಳಸುವುದು 48,000. ಬ್ರೌಸರ್ ಅಥವಾ ವಿಎಲ್‌ಸಿಯಂಥ ಆ್ಯಪ್ ಈ ಅಂಕಿಗಳನ್ನು ಆಪರೇಟಿಂಗ್ ಸಿಸ್ಟಮ್‌ಗೆ ಕೊಡುತ್ತದೆ. ಅದು ಎಲ್ಲ ಆ್ಯಪ್‌ಗಳ ಸದ್ದನ್ನು ಬೆರೆಸಿ ಡ್ರೈವರ್ ತಂತ್ರಾಂಶದ ಮೂಲಕ ಆಡಿಯೊ ಚಿಪ್‌ಗೆ ದಾಟಿಸುತ್ತದೆ. ಚಿಪ್ ಅಂಕಿಗಳನ್ನು ವಿದ್ಯುತ್ತಿನ ಏರಿಳಿತವಾಗಿಸುತ್ತದೆ, ಆಂಪ್ಲಿಫೈಯರ್ ಅದಕ್ಕೆ ಬಲ ತುಂಬುತ್ತದೆ, ಸ್ಪೀಕರ್ ಗಾಳಿಯನ್ನು ಅಲುಗಿಸುತ್ತದೆ. ಬ್ಲೂಟೂತ್ ಮತ್ತು ಯುಎಸ್‌ಬಿ ಸಾಧನಗಳು ಆಡಿಯೊ ಚಿಪ್‌ಗೆ ಮುಂಚೆಯೇ ಕವಲೊಡೆದು ಹೋಗುತ್ತವೆ. ಈ ಕವಲುಗಳೇ ನಮ್ಮ ಪರೀಕ್ಷೆಗೆ ಆಧಾರ.

ಒಂದೇ ಹಾಡನ್ನು ಹೀಗೆ ಕೇಳಿ ನೋಡಿ:

1. ಮೊದಲು ಅದೇ ಹಾಡನ್ನು ಮೊಬೈಲ್‌ನಲ್ಲಿ ಕೇಳಿ. ಅಲ್ಲೂ ಕೆಟ್ಟಿದ್ದರೆ ಮೂಲ ಧ್ವನಿಮುದ್ರಣವೇ ಹಾಗಿದೆ. ಅರವತ್ತರ ದಶಕದ ಚಿತ್ರಗೀತೆಗಳು ಬಹುಪಾಲು ಒಂದೇ ಚಾನೆಲ್‌ನ ಮೋನೊದಲ್ಲಿವೆ. ಸವೆದ ಕ್ಯಾಸೆಟ್‌ನಿಂದ ಏರಿಸಿದ ಪ್ರತಿಯನ್ನು ಯಾವ ಸೆಟ್ಟಿಂಗೂ ಹೊಸದು ಮಾಡುವುದಿಲ್ಲ.
2. ಲ್ಯಾಪ್‌ಟಾಪಿಗೆ ವೈರಿನ ಇಯರ್‌ಫೋನ್ ಹಾಕಿ. ಅದರಲ್ಲಿ ಚೆನ್ನಾಗಿದ್ದು ಸ್ಪೀಕರಿನಲ್ಲಿ ಮಾತ್ರ ಕೆಟ್ಟಿದ್ದರೆ ದೋಷ ಸ್ಪೀಕರಿನ ಕಡೆಗಿದೆ.
3. ಎರಡರಲ್ಲೂ ಕೆಟ್ಟಿದ್ದರೆ ಬ್ಲೂಟೂತ್ ಅಥವಾ ಯುಎಸ್‌ಬಿ ಹೆಡ್‌ಫೋನಿನಲ್ಲಿ ಕೇಳಿ. ಅಲ್ಲಿ ಸರಿಯಿದ್ದರೆ ಆಡಿಯೊ ಚಿಪ್ ಅಥವಾ ಅದರ ಡ್ರೈವರ್ ಮೇಲೆ ಅನುಮಾನ.
4. ಎಲ್ಲದರಲ್ಲೂ ಕೆಟ್ಟಿದ್ದರೆ ಬ್ರೌಸರ್ ಬಿಟ್ಟು, ಡಿಸ್ಕಿನಲ್ಲೇ ಇರುವ ಹಾಡನ್ನು ಬೇರೆ ಪ್ಲೇಯರ್‌ನಲ್ಲಿ ಹಾಕಿ. ಆಗ ಸರಿಯಾದರೆ ತೊಂದರೆ ಬ್ರೌಸರಿನದು ಇಲ್ಲವೇ ಇಂಟರ್ನೆಟ್ಟಿನದು.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಸದ್ದು ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಸಪೂರ, ಮಂಕು: ಸಣ್ಣ ಸ್ಪೀಕರಿನ ಮಿತಿ

ಯಕ್ಷಗಾನದ ವಿಡಿಯೊ ಹಾಕಿದರೆ ಚೆಂಡೆ ಖಣಖಣ ಕೇಳಿಸುತ್ತದೆ, ಮದ್ದಳೆಯ ತುಂಬುದನಿ ಮಾತ್ರ ಎಲ್ಲೋ ಅಡಗಿರುತ್ತದೆ. ಇದು ಭೌತಶಾಸ್ತ್ರದ ಕಟ್ಟುಪಾಡು. ಕೆಳಸ್ಥಾಯಿಯ ಸದ್ದಿಗೆ ಹೆಚ್ಚು ಗಾಳಿಯನ್ನು ತಳ್ಳಬೇಕು. ಕಂಪನದ ವೇಗ ಅರ್ಧಕ್ಕಿಳಿದರೆ, ಅದೇ ಜೋರು ಉಳಿಸಿಕೊಳ್ಳಲು ಸ್ಪೀಕರಿನ ಪೊರೆ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಚಲಿಸಬೇಕು. 400 ಹರ್ಟ್ಸ್‌ನಿಂದ (ಸೆಕೆಂಡಿಗೆ 400 ಕಂಪನ) 100 ಹರ್ಟ್ಸ್‌ಗೆ ಬಂದರೆ ಹದಿನಾರು ಪಟ್ಟು. ತೆಳ್ಳಗಿನ ಲ್ಯಾಪ್‌ಟಾಪಿನೊಳಗೆ ಅಷ್ಟು ಜಾಗವೇ ಇಲ್ಲ. ಅನೇಕ ಮಾದರಿಗಳ ಸ್ಪೀಕರುಗಳು ತಲಾ 2 ವಾಟ್‌ನವು. ಗಂಡಸರ ದನಿಯ ಮೂಲ ಕಂಪನ ಹೆಚ್ಚಾಗಿ 85ರಿಂದ 180 ಹರ್ಟ್ಸ್ ನಡುವೆ ಇರುತ್ತದೆ. ಲ್ಯಾಪ್‌ಟಾಪ್ ಅದನ್ನು ಸರಿಯಾಗಿ ನುಡಿಸದಿದ್ದರೂ ಮಾತು ಅರ್ಥವಾಗುವುದು, ಮೇಲಿನ ಸ್ವರಾಂಶಗಳನ್ನು ಕೇಳಿ ನಮ್ಮ ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುವುದರಿಂದ.

ಈ ಮಿತಿಯೊಳಗೂ ಮಾಡಬಹುದಾದದ್ದು ಬಹಳ ಇದೆ. ಅನೇಕ ಲ್ಯಾಪ್‌ಟಾಪ್‌ಗಳ ಸ್ಪೀಕರ್ ತಳಭಾಗದಲ್ಲಿ ನೆಲದತ್ತ ಮುಖಮಾಡಿರುತ್ತದೆ. ತಂಬೂರಿಗೆ ಬುರುಡೆ ಹೇಗೋ ಹಾಗೆ ಇಂಥ ಸ್ಪೀಕರಿಗೆ ಕೆಳಗಿನ ಗಟ್ಟಿ ಮೇಜು: ಸದ್ದು ಅದಕ್ಕೆ ತಾಗಿ ನಮ್ಮತ್ತ ಹೊರಳುತ್ತದೆ. ಹಾಸಿಗೆ, ದಿಂಬು, ತೊಡೆಯ ಮೇಲಿಟ್ಟರೆ ಬಟ್ಟೆ ಸದ್ದನ್ನು ನುಂಗಿ ದನಿ ಮಂಕಾಗುತ್ತದೆ, ಜೊತೆಗೆ ಯಂತ್ರ ಬಿಸಿಯಾಗುತ್ತದೆ. ಜಾಲರಿಯಲ್ಲಿ ದೂಳು ಕೂತಿದ್ದರೆ ಲ್ಯಾಪ್‌ಟಾಪ್ ಆಫ್ ಮಾಡಿ ಮೆತ್ತನೆಯ ಒಣ ಬ್ರಷ್‌ನಿಂದ ಉಜ್ಜಿ. ಗಾಳಿ ಊದುವ ಯಂತ್ರವನ್ನು ನೇರವಾಗಿ ಸ್ಪೀಕರಿಗೆ ಹಿಡಿಯಬೇಡಿ, ಪೊರೆ ಹರಿದೀತು. ಸೂಜಿಯಂತೂ ಬೇಡವೇ ಬೇಡ.

ವಾಲ್ಯೂಮ್ ಜಾಸ್ತಿ ಮಾಡಿದಾಗ ಮಾತ್ರ ದನಿ ಒಡೆಯುತ್ತದೆಯೇ? ವಿಎಲ್‌ಸಿಯಲ್ಲಿ ವಾಲ್ಯೂಮ್ 125%ರವರೆಗೆ ಹೋಗುತ್ತದೆ, ಲಿನಕ್ಸ್‌ನ ಕೆಲವು ನಿಯಂತ್ರಕಗಳಲ್ಲಿ 150%ರವರೆಗೆ. ನೂರಕ್ಕೂ ಮೇಲೆ ಹೋದಾಗ ಅಲೆಯ ತುದಿಗಳು ಕತ್ತರಿಸಿ ಹೋಗುತ್ತವೆ, ಆ ಕತ್ತರಿಸಿದ ಅಂಚುಗಳೇ ಕಿವಿಗೆ ಕರ್ಕಶವಾಗಿ ಕೇಳುವುದು. ಬ್ರೌಸರಿನ ‘ವಾಲ್ಯೂಮ್ ಬೂಸ್ಟರ್’ ಎಕ್ಸ್‌ಟೆನ್ಶನ್‌ಗಳು ಮಾಡುವುದೂ ಇದನ್ನೇ. ಅವನ್ನು ತೆಗೆದುಹಾಕಿ. ಬಾಸ್ ಬೂಸ್ಟ್ ಇದ್ದರೆ ಅದನ್ನೂ ಆಫ್ ಮಾಡಿ. ಸಣ್ಣ ಸ್ಪೀಕರಿಗೆ ಕೆಳಸ್ಥಾಯಿಯನ್ನು ತುರುಕಿದರೆ ಅದರ ಪೊರೆ ಅಲ್ಲೇ ಒದ್ದಾಡಿ ಹಾಡುಗಾರರ ದನಿಯನ್ನೂ ಕೆಡಿಸುತ್ತದೆ. ಈಕ್ವಲೈಜರ್ ಬಳಸುವವರು 150 ಹರ್ಟ್ಸ್‌ಗಿಂತ ಕೆಳಗಿನದನ್ನು ತಗ್ಗಿಸಿ ನೋಡಿ, ಮಾತು ಕೂಡಲೇ ತಿಳಿಯಾಗುತ್ತದೆ. ವಿಂಡೋಸ್‌ಗೆ ಈಕ್ವಲೈಜರ್ ಎಪಿಒ, ಲಿನಕ್ಸ್‌ಗೆ ಈಸಿ ಎಫೆಕ್ಟ್ಸ್ ಉಚಿತವಾಗಿ ಸಿಗುತ್ತವೆ.

ಕರಕರ, ಚಿಟಪಟ, ಬಿಟ್ಟುಬಿಟ್ಟು ಬರುವ ಸದ್ದು

ವಿಂಡೋಸ್ ಸಾಮಾನ್ಯವಾಗಿ ಸದ್ದನ್ನು 10 ಮಿಲಿಸೆಕೆಂಡಿನ ತುಂಡುಗಳಾಗಿ ಸಿದ್ಧಪಡಿಸುತ್ತದೆ. ಅಂದರೆ ಪ್ರತಿ ತುಂಡಿನಲ್ಲಿ ಒಂದೊಂದು ಚಾನೆಲ್‌ಗೆ 480 ಅಂಕಿಗಳು. ಒಂದು ತುಂಡು ಮುಗಿಯುವಷ್ಟರಲ್ಲಿ ಮುಂದಿನದು ತಯಾರಿರಬೇಕು. ಪ್ರೊಸೆಸರ್ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡು ತಡಮಾಡಿದರೆ ನಡುವೆ ಬಿರುಕು ಬೀಳುತ್ತದೆ. ಆ ಬಿರುಕೇ ಚಿಟ್ ಎನ್ನುವ ಸದ್ದು. ಸ್ಪೀಕರಿನಲ್ಲೂ ಇಯರ್‌ಫೋನಿನಲ್ಲೂ ಒಂದೇ ರೀತಿ ಚಿಟಪಟ ಎನ್ನುತ್ತಿದ್ದರೆ ಇದನ್ನೇ ಶಂಕಿಸಬೇಕು.

ಚಾರ್ಜರ್ ಹಾಕಿ, ಪವರ್ ಮೋಡ್ ಅನ್ನು ‘ಬೆಸ್ಟ್ ಪರ್ಫಾರ್ಮೆನ್ಸ್’ಗೆ ಬದಲಿಸಿ ಕೇಳಿ. ಆಮೇಲೆ ಡಿಸ್ಕಿನಲ್ಲಿರುವ ಹಾಡನ್ನು ಹಾಕಿಕೊಂಡು ವೈಫೈ ಆಫ್ ಮಾಡಿ ನೋಡಿ. ಚಿಟಪಟ ನಿಂತರೆ ವೈಫೈ ಡ್ರೈವರ್ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತಿದೆ ಎಂದರ್ಥ. ಅದನ್ನು ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ನವೀಕರಿಸಿ. ಯಾವ ಡ್ರೈವರ್ ತಡಮಾಡುತ್ತಿದೆ ಎಂದು ತೋರಿಸಲು ಲೇಟೆನ್ಸಿಮಾನ್ ಎಂಬ ತಂತ್ರಾಂಶವಿದೆ.

ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಆಯಾ ಸ್ಪೀಕರಿನ ‘ಫಾರ್ಮ್ಯಾಟ್’ ಕೂಡ ನೋಡಿ. ಅದನ್ನು 1,92,000 ಹರ್ಟ್ಸ್‌ಗೆ ಏರಿಸಿದರೆ ಸದ್ದು ಚೆನ್ನಾಗುತ್ತದೆಂದು ನಂಬಿದವರಿದ್ದಾರೆ. ಮನುಷ್ಯರ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ, ಅದಕ್ಕೆ 48,000 ಅಂಕಿಗಳೇ ಸಾಕು. ಮಿಕ್ಕದ್ದು ಪ್ರೊಸೆಸರಿಗೆ ಹೊರೆ.

ಬ್ಲೂಟೂತ್: ಹಾಡು ಚೆಂದ, ಕರೆ ಬಂದರೆ ಕೆಡುಕು

ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಸೊಗಸಾಗಿರುತ್ತದೆ. ಝೂಮ್ ಅಥವಾ ಮೀಟ್ ತೆರೆದ ಕೂಡಲೇ ದನಿ ಸಪೂರವಾಗಿ ಬಿಡುತ್ತದೆ. ಇದಕ್ಕೆ ಹೆಡ್‌ಫೋನ್ ಹಾಳಾಗಿದೆ ಎಂದು ಹೊಸದು ಕೊಳ್ಳುವವರಿದ್ದಾರೆ. ಆದರೆ ಸಾಂಪ್ರದಾಯಿಕ ಬ್ಲೂಟೂತ್‌ನಲ್ಲಿ ಎರಡು ದಾರಿಗಳಿವೆ. ಎ2ಡಿಪಿ ಎಂಬುದು ಸ್ಟೀರಿಯೊ ಸಂಗೀತವನ್ನು ಒಂದೇ ದಿಕ್ಕಿಗೆ ಕಳಿಸುತ್ತದೆ, ಅದರಲ್ಲಿ ಮೈಕ್ ಇಲ್ಲ. ಮೈಕ್ ಬೇಕೆಂದಾಗ ಹೆಡ್‌ಫೋನ್ ಹ್ಯಾಂಡ್ಸ್‌ಫ್ರೀ ದಾರಿಗೆ ಹೊರಳುತ್ತದೆ. ಅಲ್ಲಿ ಸದ್ದು ಮೋನೊ; ಸಾಮಾನ್ಯವಾಗಿ ಸೆಕೆಂಡಿಗೆ 8,000 ಅಥವಾ 16,000 ಅಂಕಿಗಳು ಮಾತ್ರ. ನುಡಿಸಬಹುದಾದ ಕಂಪನ ಇದರ ಅರ್ಧ, ಅಂದರೆ 4,000 ಇಲ್ಲವೇ 8,000 ಹರ್ಟ್ಸ್‌ಗೆ ಮುಗಿಯುತ್ತದೆ.

ಪರಿಹಾರ ಸುಲಭ. ಕರೆಯ ಆ್ಯಪ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಎಂಬಲ್ಲಿ ಹೆಡ್‌ಫೋನ್ ಇರಲಿ, ಮೈಕ್ ಎಂಬಲ್ಲಿ ಲ್ಯಾಪ್‌ಟಾಪಿನ ಮೈಕ್ ಆರಿಸಿ. ಹೆಡ್‌ಫೋನ್ ಸಂಗೀತದ ದಾರಿಯಲ್ಲೇ ಉಳಿಯುತ್ತದೆ. ಕರೆ ಮುಗಿದ ಮೇಲೂ ದನಿ ಹಾಗೇ ಉಳಿದಿದ್ದರೆ ಯಾವುದೋ ಆ್ಯಪ್ ಮೈಕನ್ನು ಬಿಟ್ಟಿಲ್ಲ ಎಂದೇ ಲೆಕ್ಕ. ಅದನ್ನು ಪೂರ್ತಿ ಮುಚ್ಚಿ.

ಬ್ಲೂಟೂತ್ ಸದ್ದು ತುಂಡಾಗುತ್ತಿದ್ದರೆ ಸುತ್ತಮುತ್ತ ನೋಡಿ. ಬ್ಲೂಟೂತ್, ಹಳೆಯ ವೈಫೈ, ಮೈಕ್ರೊವೇವ್ ಒಲೆ ಎಲ್ಲವೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುತ್ತವೆ. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಮತ್ತು ಅದರ ಕೇಬಲ್ ಕೂಡ ಆ ತರಂಗಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ, ಡಿಸ್ಕನ್ನು ದೂರ ಸರಿಸಿ.

ಗುಂಯ್‌ಗುಡುವ ಸದ್ದು, ಮಾಯವಾಗುವ ಹಾಡುಗಾರ್ತಿ

ಹೊರಗಿನ ಸ್ಪೀಕರ್ ಅಥವಾ ಇಯರ್‌ಫೋನಿನಲ್ಲಿ ಬಿಡದೆ ಗುಂಯ್ ಎನ್ನುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತಿತೇ? ಹಾಗಿದ್ದರೆ ನಮ್ಮ ಮನೆಗಳ 50 ಹರ್ಟ್ಸ್ ವಿದ್ಯುತ್ತು ಆಡಿಯೊ ದಾರಿಯೊಳಗೆ ನುಸುಳುತ್ತಿದೆ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಪರಿವರ್ತಕದ ಮೂಲಕ ಹಾಕಿದ್ದರೆ, ಅಥವಾ ಸಾಕೆಟ್‌ನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಹೀಗಾಗಬಹುದು. ಸ್ಪೀಕರಿಗೂ ಲ್ಯಾಪ್‌ಟಾಪಿಗೂ ಬೇರೆ ಬೇರೆ ಗೋಡೆಯಿಂದ ಕರೆಂಟು ಕೊಟ್ಟಿದ್ದರೆ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ. ಗುಂಯ್ ನಿಲ್ಲಿಸಲೆಂದು ಅರ್ಥ್ ಪಿನ್ ಮುರಿಯುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಪಿನ್ ಇರುವುದು ಜೀವ ಕಾಯಲು.

ಇನ್ನೊಂದು ವಿಚಿತ್ರ ದೋಷವಿದೆ. ಹಾಡು ಹಾಕಿದರೆ ವಾದ್ಯಗಳು ಕೇಳುತ್ತವೆ, ಹಾಡುವವರ ದನಿ ಮಾಯ! ಫೈಲ್ ಕೆಟ್ಟಿದೆ ಎಂದು ಅನಿಸುವುದು ಸಹಜ. ನಿಜದಲ್ಲಿ ಇಯರ್‌ಫೋನಿನ ಪಿನ್ ಅರ್ಧ ಕೂತಿದೆ, ಇಲ್ಲವೇ ಒಳಗಿನ ಗ್ರೌಂಡ್ ತಂತಿ ತುಂಡಾಗಿದೆ. ಆಗ ಕಿವಿಗೆ ತಲುಪುವುದು ಎಡ ಮತ್ತು ಬಲ ಚಾನೆಲ್‌ಗಳ ನಡುವಿನ ವ್ಯತ್ಯಾಸ ಮಾತ್ರ. ಹಾಡುವವರ ದನಿಯನ್ನು ಸಾಮಾನ್ಯವಾಗಿ ಎರಡೂ ಚಾನೆಲ್‌ಗಳಲ್ಲಿ ಸಮನಾಗಿ ಇಟ್ಟಿರುತ್ತಾರೆ, ಹಾಗಾಗಿ ಅದು ಕಳೆದುಹೋಗುತ್ತದೆ. ಪಿನ್ನನ್ನು ಗಟ್ಟಿಯಾಗಿ ಒತ್ತಿ, ಜ್ಯಾಕ್‌ನೊಳಗೆ ದೂಳಿದೆಯೇ ನೋಡಿ, ಬೇರೆ ಇಯರ್‌ಫೋನ್ ಹಾಕಿ ಪರೀಕ್ಷಿಸಿ. ಪಿನ್ನಿನ ಮೇಲಿನ ಗೆರೆಗಳನ್ನೂ ಎಣಿಸಿ: ಎರಡು ಗೆರೆ ಇದ್ದರೆ ಕೇಳಲು ಮಾತ್ರ, ಮೂರಿದ್ದರೆ ಮೈಕೂ ಉಂಟು.

ಜ್ಯಾಕ್ ಸವೆದು ಸಡಿಲವಾಗಿದ್ದರೆ ಬೋರ್ಡ್ ಬಿಚ್ಚಿಸುವ ಮೊದಲು ಯುಎಸ್‌ಬಿಗೆ ಹಾಕುವ ಪುಟ್ಟ ಆಡಿಯೊ ಅಡಾಪ್ಟರ್ ಪ್ರಯತ್ನಿಸಿ. ಅದರಲ್ಲಿ ಸ್ವಂತ ಆಡಿಯೊ ಚಿಪ್ ಇರುವುದರಿಂದ ಲ್ಯಾಪ್‌ಟಾಪಿನ ಕೆಟ್ಟ ಭಾಗವನ್ನು ಬದಿಗಿಟ್ಟು ಕೆಲಸ ಸಾಗುತ್ತದೆ.

ಡ್ರೈವರ್ ಮತ್ತು ‘ಎನ್‌ಹಾನ್ಸ್‌ಮೆಂಟ್’ಗಳು

ದೊಡ್ಡ ಅಪ್‌ಡೇಟ್ ಆದ ಮರುದಿನವೇ ಸದ್ದು ಬಾವಿಯೊಳಗಿಂದ ಬಂದಂತಾದರೆ ಡ್ರೈವರ್ ಕಡೆ ನೋಡಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಎಂದು ಹೋಗಿ ನಿಮ್ಮ ಸ್ಪೀಕರ್ ಮೇಲೆ ಒತ್ತಿ, ‘ಆಡಿಯೊ ಎನ್‌ಹಾನ್ಸ್‌ಮೆಂಟ್ಸ್’ ಆಫ್ ಮಾಡಿ ಕೇಳಿ. ತಯಾರಕರು ಹಾಕಿಕೊಟ್ಟ ಧ್ವನಿ ಆ್ಯಪ್ ಇದ್ದರೆ ಅದನ್ನೂ ತೆರೆದು ನೋಡಿ. ಇಂಥ ಎರಡು ತಂತ್ರಾಂಶಗಳು ಒಂದೇ ಸದ್ದನ್ನು ತಿದ್ದಲು ಹೊರಟಾಗ ಪ್ರತಿಧ್ವನಿ, ಏರಿಳಿತ, ಮಂಕು ಎಲ್ಲ ಹುಟ್ಟುತ್ತವೆ. ಒಂದೇ ಇರಲಿ. ಆದರೆ ಎಲ್ಲವನ್ನೂ ಆಫ್ ಮಾಡಿದ ಮೇಲೆ ಸದ್ದು ಇನ್ನೂ ಬಡವಾದರೆ ತಯಾರಕರ ಆ್ಯಪ್ ಅನ್ನು ಮತ್ತೆ ಚಾಲೂ ಮಾಡಿ. ಸಣ್ಣ ಸ್ಪೀಕರಿನ ಕೊರತೆಗೆ ಲೆಕ್ಕಹಾಕಿ ಮಾಡಿದ ತಿದ್ದುಪಡಿ ಕೆಲವು ಮಾದರಿಗಳಲ್ಲಿ ಅದರಲ್ಲೇ ಇರುತ್ತದೆ.

ಡ್ರೈವರ್ ಸರಿಪಡಿಸಲು ಡಿವೈಸ್ ಮ್ಯಾನೇಜರ್ ತೆರೆದು ‘ಸೌಂಡ್, ವಿಡಿಯೊ ಆ್ಯಂಡ್ ಗೇಮ್ ಕಂಟ್ರೋಲರ್ಸ್’ ಕೆಳಗೆ ಆಡಿಯೊ ಸಾಧನವನ್ನು ಹುಡುಕಿ. ‘ರೋಲ್ ಬ್ಯಾಕ್ ಡ್ರೈವರ್’ ಒತ್ತಲು ಬಂದರೆ ಹಳೆಯದಕ್ಕೆ ಮರಳಿ. ಇಲ್ಲದಿದ್ದರೆ ನಿಮ್ಮ ಮಾದರಿಯ ಹೆಸರಿನಲ್ಲೇ ಇರುವ ಡ್ರೈವರನ್ನು ತಯಾರಕರ ಜಾಲತಾಣದಿಂದ ಇಳಿಸಿ. ‘ಡ್ರೈವರ್ ಅಪ್‌ಡೇಟರ್’ ಎಂದು ಜಾಹೀರಾತಿನಲ್ಲಿ ಬರುವ ತಂತ್ರಾಂಶಗಳ ಹತ್ತಿರ ಹೋಗಬೇಡಿ.

ಮ್ಯಾಕ್‌ನಲ್ಲಾಗಲಿ ವಿಂಡೋಸ್‌ನಲ್ಲಾಗಲಿ ಒಂದೇ ಕಡೆಯಿಂದ ಸದ್ದು ಬರುತ್ತಿದ್ದರೆ ಎಡ–ಬಲದ ಬ್ಯಾಲೆನ್ಸ್ ಮೊದಲು ನೋಡಿ, ಅದು ಒಂದು ಬದಿಗೆ ಸರಿದಿರಬಹುದು.

ಆನ್‌ಲೈನ್ ಪಾಠದಲ್ಲಿ ಶ್ರುತಿ ಏಕೆ ಅಡಗುತ್ತದೆ

ಮೈಸೂರಿನಲ್ಲೋ ಧಾರವಾಡದಲ್ಲೋ ಇರುವ ಗುರುಗಳಿಂದ ಅಮೆರಿಕದ ಕನ್ನಡ ಮಕ್ಕಳು ಸಂಗೀತ ಕಲಿಯುವುದು ಈಗ ನಿತ್ಯದ ಮಾತು. ಅಲ್ಲಿ ಕೇಳಿಬರುವ ದೂರು: ಗುರುಗಳು ತಂಬೂರಿ ಹಾಕಿಕೊಂಡಿರುತ್ತಾರೆ, ಶಿಷ್ಯರಿಗೆ ಕೇಳಿಸುವುದಿಲ್ಲ. ಎಳೆದು ಹಾಡಿದ ಷಡ್ಜ ನಡುವೆಯೇ ತಗ್ಗಿಹೋಗುತ್ತದೆ. ಕರೆಯ ಆ್ಯಪ್‌ಗಳನ್ನು ರೂಪಿಸಿರುವುದು ಮಾತಿಗೆ. ಮಾತು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಏರಿಳಿತವಿಲ್ಲದೆ ಒಂದೇ ಸಮನೆ ಬರುವುದನ್ನು ಫ್ಯಾನಿನ ಸದ್ದೆಂದು ಬಗೆದು ಆ್ಯಪ್ ಅಳಿಸಿಹಾಕುತ್ತದೆ. ತಂಬೂರಿಯ ನಾದ ಅದರ ಲೆಕ್ಕದಲ್ಲಿ ಗದ್ದಲ.

ಝೂಮ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್’ ಚಾಲೂ ಮಾಡಿ, ಪಾಠ ಶುರುವಾದ ಮೇಲೆ ಪರದೆಯ ಮೇಲ್ಭಾಗದಲ್ಲಿ ‘ಒರಿಜಿನಲ್ ಸೌಂಡ್’ ಆನ್ ಆಗಿದೆಯೇ ನೋಡಿ. ಮೀಟ್ ಮತ್ತು ಟೀಮ್ಸ್‌ನಲ್ಲಿ ನಾಯ್ಸ್ ತಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ. ಇದನ್ನು ಮಾಡಬೇಕಾದದ್ದು ಸದ್ದು ಕಳಿಸುವವರ ಕಡೆ. ಪ್ರತಿಧ್ವನಿ ತಡೆಯನ್ನೂ ಆಫ್ ಮಾಡಿದರೆ ಇಬ್ಬರೂ ಹೆಡ್‌ಫೋನ್ ಹಾಕಿಕೊಳ್ಳಲೇಬೇಕು. ಕರೆ ಬಂದಾಗ ಲ್ಯಾಪ್‌ಟಾಪಿನ ಉಳಿದ ಸದ್ದೆಲ್ಲ ತಾನಾಗಿ ಕುಗ್ಗಿದರೆ, ವಿಂಡೋಸ್‌ನ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಒಳಗಿನ ‘ಕಮ್ಯುನಿಕೇಶನ್ಸ್’ ಪುಟ ನೋಡಿ. ಬೇರೆ ಸದ್ದನ್ನು 80% ತಗ್ಗಿಸು ಎಂದು ಅಲ್ಲಿ ಮೊದಲೇ ನಿಗದಿಯಾಗಿರುತ್ತದೆ. ಅದನ್ನು ‘ಡು ನಥಿಂಗ್’ಗೆ ಬದಲಿಸಿ.

ಸಿನಿಮಾದಲ್ಲಿ ಮಾತು ಕೇಳಿಸದಿದ್ದರೆ

ಹೊಡೆದಾಟದ ಸದ್ದು ಕಿವಿಗಪ್ಪಳಿಸುತ್ತದೆ, ಸಂಭಾಷಣೆ ಪಿಸುಗುಟ್ಟಿದಂತಿರುತ್ತದೆ. ಹಲವು ಚಾನೆಲ್‌ಗಳಿರುವ 5.1 ಧ್ವನಿಯಲ್ಲಿ ಮಾತುಗಳನ್ನು ಹೆಚ್ಚಾಗಿ ಮಧ್ಯದ ಚಾನೆಲ್‌ನಲ್ಲಿ ಇಟ್ಟಿರುತ್ತಾರೆ. ಎರಡೇ ಸ್ಪೀಕರಿಗೆ ಇಳಿಸುವಾಗ ಆ ಚಾನೆಲನ್ನು ಸಾಮಾನ್ಯವಾಗಿ 3 ಡೆಸಿಬೆಲ್ ತಗ್ಗಿಸಿ ಎರಡೂ ಕಡೆ ಹಂಚುತ್ತಾರೆ. ಅದರ ಮೇಲೆ ಸಂಗೀತ, ಸ್ಫೋಟಗಳ ಸದ್ದು ಬಂದು ಕೂರುತ್ತದೆ. ಆಡಿಯೊ ಆಯ್ಕೆಯಲ್ಲಿ ಸ್ಟೀರಿಯೊ ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ. ವಿಂಡೋಸ್‌ನ ‘ಲೌಡ್‌ನೆಸ್ ಈಕ್ವಲೈಜೇಶನ್’ ಅಥವಾ ವಿಎಲ್‌ಸಿಯ ‘ಕಂಪ್ರೆಸರ್’ ಜೋರಿನ ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಮೇಲೆತ್ತುತ್ತವೆ. ಮನೆಯ ಹಿರಿಯರಿಗೆ ಇದೊಂದೇ ಬದಲಾವಣೆ ದೊಡ್ಡ ಉಪಕಾರ. ಹೆಡ್‌ಫೋನಿನಲ್ಲಿ ವಾಲ್ಯೂಮ್ ಏರಿಸುತ್ತ ಹೋಗುವುದಕ್ಕಿಂತ ಇದು ಕ್ಷೇಮ: ವಯಸ್ಕರಿಗೆ ವಾರಕ್ಕೆ 40 ತಾಸು 80 ಡೆಸಿಬೆಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸ್ಪೀಕರೇ ಹೋಗಿದ್ದರೆ

ಕೆಲವು ನಿರ್ದಿಷ್ಟ ಸ್ವರಗಳಲ್ಲಿ ಮಾತ್ರ ಝರಝರ ಎಂದು ನಡುಗುವುದು, ಮೆಲ್ಲಗಿಟ್ಟರೂ ಒಂದೇ ಬದಿ ಕರಕರ ಎನ್ನುವುದು ಪೊರೆ ಹರಿದ ಲಕ್ಷಣ. ತಳದ ಸ್ಕ್ರೂ ಸಡಿಲವಾಗಿದ್ದರೂ ಝರಝರ ಬರುತ್ತದೆ, ಮೊದಲು ಅದನ್ನು ಬಿಗಿಮಾಡಿ. ಕೀಬೋರ್ಡ್ ಉಬ್ಬಿದಂತೆ ಅಥವಾ ತಳ ಮೇಜಿಗೆ ಸಮವಾಗಿ ಕೂರದಂತೆ ಕಂಡರೆ ಬ್ಯಾಟರಿ ಊದಿರಬಹುದು. ಅದು ಅಪಾಯ; ಕೂಡಲೇ ಆಫ್ ಮಾಡಿ, ಚಾರ್ಜ್ ಹಾಕದೆ ತಂತ್ರಜ್ಞರಿಗೆ ಒಪ್ಪಿಸಿ.

ಕೊನೆಯ ಅನುಮಾನ ನಿವಾರಿಸಲು ಉಬುಂಟು ತುಂಬಿದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರುಮಾಡಿ, ಇನ್‌ಸ್ಟಾಲ್ ಮಾಡದೆ ಬರಿದೆ ತೆರೆದು ಸದ್ದು ಕೇಳಬಹುದು. ಅಲ್ಲಿ ಚೆನ್ನಾಗಿದ್ದರೆ ತಪ್ಪು ತಂತ್ರಾಂಶದ್ದು. ಅಲ್ಲೂ ಅದೇ ಕರಕರವಿದ್ದರೆ ಯಂತ್ರಭಾಗದ ದೋಷವೇ ಇರುವ ಸಾಧ್ಯತೆ ಹೆಚ್ಚು. ಹೊಸದಾಗಿ ವಿಂಡೋಸ್ ಹಾಕಿಸಿ ಪ್ರಯೋಜನವಿಲ್ಲ.

ಇಷ್ಟಾದ ಮೇಲೆ ಅಂಗಡಿಗೆ ಹೋಗಬೇಕಾಗಿ ಬಂದರೆ ‘ಸೌಂಡ್ ಸರಿಯಿಲ್ಲ’ ಎಂದಷ್ಟೇ ಹೇಳಬೇಡಿ. ‘ಇಯರ್‌ಫೋನಿನಲ್ಲಿ ಸರಿಯಿದೆ, ಬಲಬದಿಯ ಸ್ಪೀಕರ್ ಮಾತ್ರ ಝರಝರ ಎನ್ನುತ್ತದೆ, ಉಬುಂಟುನಲ್ಲೂ ಹಾಗೇ ಇದೆ, ಈ ಮಾದರಿಯ ಸ್ಪೀಕರ್ ಜೋಡಿ ತರಿಸಿ ಹಾಕಿಕೊಡಿ’ ಎನ್ನಿ. ಇಷ್ಟು ಖಚಿತವಾಗಿ ಹೇಳಿದ ಗಿರಾಕಿಗೆ ಬೇಡದ ರಿಪೇರಿಯ ಬಿಲ್ ಕೊಡುವುದು ಕಷ್ಟ. ಪ್ರಾಮಾಣಿಕ ತಂತ್ರಜ್ಞರಿಗೂ ನೇರವಾಗಿ ಕೆಲಸಕ್ಕೆ ಕೈಹಾಕಲು ಇದರಿಂದ ಅನುಕೂಲ.